ಅಂಗಳದ ಅಂಚಿಗೆ ಗೆಣಸಿನ ಬಳ್ಳಿಯೇ, ಕೆಂಪು ಹುಲ್ಲೇ? ಕೊಡಗಿನ ಕೈತೋಟಗಳಿಗೆ ಮಾರ್ಗದರ್ಶಿ

ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಾಗೊಮ್ಮೆ, ಮಳೆಗಾಲ ಹಿಂದೆ ಸರಿಯುವ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ, ಓದುಗರಿಂದ ಇದೇ ಪ್ರಶ್ನೆ ಬರುತ್ತದೆ: ಅಂಗಳದ ಅಂಚಿಗೆ, ಹೋಂಸ್ಟೇ ಮುಂದಿನ ದಾರಿಯ ಪಕ್ಕಕ್ಕೆ ಅಥವಾ ಮನೆಯ ಹಿಂದಿನ ಬರೆಯ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯ, ಮೇಲೆ ಬಣ್ಣದೆಲೆಯ ಗೆಣಸಿನ ಬಳ್ಳಿ ಹಾಕಬೇಕೇ, ಕೆಂಪು ಹುಲ್ಲು ನೆಡಬೇಕೇ? ಎರಡೂ ನರ್ಸರಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ, ಎರಡೂ ಬೇಗ ತುಂಬಿಕೊಳ್ಳುತ್ತವೆ, ಎರಡಕ್ಕೂ ಹೆಚ್ಚಿನ ಆರೈಕೆ ಬೇಡವೆಂದು ಮಾರುವವರು ಹೇಳುತ್ತಾರೆ. ಬಣ್ಣ ನೋಡಿ ಆರಿಸುವುದು ಸುಲಭ. ಆದರೆ ಕೊಡಗಿನ ಮಳೆ ಮತ್ತು ಇಳಿಜಾರಿನ ನೆಲದಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು, ಆ ಜಾಗವನ್ನು ಮುಂದೆ ಅಗೆಯಬಹುದೇ ಅಗೆಯಬಾರದೇ ಎಂಬುದನ್ನು. ಗೆಣಸು ನೆಲವನ್ನು ಹೊದ್ದು ಬೆಳೆದು ಕೊನೆಗೆ ಅಗೆತವನ್ನು ಬೇಡುವ ಗಿಡ. ಹುಲ್ಲು ಒಮ್ಮೆ ನೆಟ್ಟ ಮೇಲೆ ವರ್ಷಗಟ್ಟಲೆ ಬುಡ ಕದಲಿಸದೆ ಬಿಡಬೇಕಾದ ಗಿಡ. ಕೆಳಗಿನ ಹಂತಗಳೆಲ್ಲ ಈ ವ್ಯತ್ಯಾಸವನ್ನೇ ಆಧರಿಸಿವೆ.

ಎರಡು ಗಿಡಗಳ ಪರಿಚಯ

ಅಲಂಕಾರಕ್ಕೆಂದು ಮಾರುವ ಬಳ್ಳಿಯೂ ನಾವು ಬೇಯಿಸಿ ತಿನ್ನುವ ಸಿಹಿಗೆಣಸೂ ಒಂದೇ ಜಾತಿಯವು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಐಪೋಮಿಯಾ ಬಟಾಟಾಸ್, ಮೂಲ ಅಮೆರಿಕ ಖಂಡದ ಉಷ್ಣವಲಯ. ಎಲೆಯ ಬಣ್ಣಕ್ಕಾಗಿಯೇ ಆರಿಸಿದ ತಳಿಗಳಲ್ಲಿ ಕಪ್ಪುನೇರಳೆ ಎಲೆಯ ‘ಬ್ಲ್ಯಾಕಿ’ ಮತ್ತು ನಿಂಬೆಹಸಿರು ಎಲೆಯ ‘ಮಾರ್ಗರೀಟಾ’ ಹೆಚ್ಚು ಪ್ರಚಲಿತ. ಇವುಗಳೂ ಗೆಡ್ಡೆ ಕಟ್ಟುತ್ತವೆ ಮತ್ತು ಆ ಗೆಡ್ಡೆ ವಿಷವಲ್ಲ, ಆದರೆ ಸಪ್ಪೆಯಾಗಿ ನಾರುನಾರಾಗಿರುತ್ತದೆ. ನೋಟವೂ ಬೇಕು, ಊಟಕ್ಕೂ ಆಗಬೇಕು ಎನ್ನುವವರು ಬಣ್ಣದ ತಳಿಯ ಬದಲು ತಿನ್ನುವ ತಳಿಯನ್ನೇ ಹಾಕುವುದು ಜಾಣತನ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ಕಿತ್ತಳೆ ತಿರುಳಿನ ‘ಭೂ ಸೋನಾ’, ನೇರಳೆ ತಿರುಳಿನ ‘ಭೂ ಕೃಷ್ಣ’ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಪುತ್ತರಿ ಹಬ್ಬಕ್ಕೆ ಬೇಯಿಸುವ ನೇರಳೆ ಬಣ್ಣದ ದೊಡ್ಡ ಗೆಣಸು ಇದಲ್ಲ. ಅದು ಮರಕ್ಕೆ ಹಬ್ಬುವ, ಗೆಡ್ಡೆ ಬಲಿಯಲು ಎಂಟೊಂಬತ್ತು ತಿಂಗಳು ಹಿಡಿಯುವ ಬೇರೆಯೇ ಕುಲದ ಬಳ್ಳಿ. ಈ ಲೇಖನ ಅದಕ್ಕೆ ಅನ್ವಯಿಸುವುದಿಲ್ಲ.

ಕೆಂಪು ಹುಲ್ಲು ಎಂದು ಕರೆಯುವುದು ಸಾಮಾನ್ಯವಾಗಿ ಪರ್ಪಲ್ ಫೌಂಟೇನ್ ಗ್ರಾಸನ್ನು. ಮೂರರಿಂದ ನಾಲ್ಕು ಅಡಿ ಎತ್ತರದ ಗುಂಪಾಗಿ ಬೆಳೆದು, ಬಾಗಿದ ನವಿರಾದ ತೆನೆಗಳನ್ನು ಬಿಡುತ್ತದೆ. ಇದರ ಹತ್ತಿರದ ಸಂಬಂಧಿಯಾದ ಹಸಿರು ಫೌಂಟೇನ್ ಹುಲ್ಲಿನ ಬಗ್ಗೆ ಮಾತ್ರ ಎಚ್ಚರವಿರಬೇಕು. ಅದನ್ನು ಎರಡನೆಯ ಹಂತದಲ್ಲಿ ವಿವರಿಸಿದ್ದೇನೆ.

ಬೇಕಾಗುವ ವಸ್ತುಗಳು

ಗುದ್ದಲಿ, ಹರಿತವಾದ ಕತ್ತಿ, ಉದ್ದ ತೋಳಿನ ಅಂಗಿ ಮತ್ತು ಕೈಗವಸು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ, ಒದ್ದೆ ಗೋಣಿಚೀಲ, ಇಳಿಜಾರಿದ್ದರೆ ಸಮಮಟ್ಟ ಗುರುತಿಸಲು ಹಗ್ಗ ಮತ್ತು ಗೂಟ. ಮಣ್ಣಿನ ಆಮ್ಲೀಯತೆ ತಿಳಿಯಬೇಕೆಂದಿದ್ದರೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವನ್ನೋ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವನ್ನೋ ವಿಚಾರಿಸಬಹುದು.

ಹಂತ 1: ಜಾಗವನ್ನು ಪರೀಕ್ಷಿಸಿ

ಇಳಿಜಾರನ್ನು ಮೊದಲು ನೋಡಿ. ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ಉಳಿಯುವ ಕಡಿದಾದ ಮಣ್ಣಿನ ಗೋಡೆಯನ್ನು ನಮ್ಮಲ್ಲಿ ಬರೆ ಎನ್ನುತ್ತಾರೆ. ಬರೆಯ ಮೇಲಾಗಲಿ ಅದರ ನೆತ್ತಿಯ ಅಂಚಿನಲ್ಲಾಗಲಿ ಗೆಣಸನ್ನು ಹಾಕಲೇಬೇಡಿ. ಬೆಳೆಯುವಾಗ ಬಳ್ಳಿ ನೆಲವನ್ನು ಮುಚ್ಚಿ ಮಳೆಹನಿಯ ಹೊಡೆತದಿಂದ ಮಣ್ಣನ್ನು ಕಾಪಾಡುವುದು ನಿಜ. ಆದರೆ ಗೆಡ್ಡೆ ತೆಗೆಯಲು ಒಂದು ಅಡಿ ಆಳಕ್ಕೆ ಮಣ್ಣು ಸಡಿಲಿಸಲೇಬೇಕು, ಹಾಗೆ ಸಡಿಲಿಸಿದ ಮಣ್ಣು ಮುಂದಿನ ದೊಡ್ಡ ಮಳೆಗೆ ಕೊಚ್ಚಿ ಕೆಳಗಿಳಿಯುತ್ತದೆ. ನೀವು ಅಗೆಯದಿದ್ದರೂ ಕಾಡುಹಂದಿ ಬಂದು ಅಗೆಯುತ್ತದೆ. ಅಲ್ಲಿಗೆ ಬೇಕಾದದ್ದು ಬೇರು ಕೆಳಗಿಳಿಸಿ ನಿಲ್ಲುವ ಹುಲ್ಲು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ಮೇಲೆ, ಯಾವ ಗಿಡ ನೆಟ್ಟರೆ ಗುಡ್ಡ ನಿಲ್ಲುತ್ತದೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಹುಲ್ಲಿನ ಬೇರು ಮೇಲ್ಪದರದ ಮಣ್ಣು ಕೊಚ್ಚಿಹೋಗುವುದನ್ನು ತಡೆಯಬಲ್ಲದು. ಮರಗಳ ಸಮೇತ ಜಾರಿಬರುವ ಗುಡ್ಡವನ್ನು ಯಾವ ಹುಲ್ಲೂ ಹಿಡಿದು ನಿಲ್ಲಿಸಲಾರದು. ನೆತ್ತಿಯಲ್ಲಿ ಬಿರುಕು ಕಂಡಿದ್ದರೆ, ಹಿಂದೆ ಇಲ್ಲದ ಜಾಗದಲ್ಲಿ ನೀರು ಜಿನುಗತೊಡಗಿದ್ದರೆ, ಅದು ತೋಟಗಾರಿಕೆಯ ವಿಷಯವಲ್ಲ. ಗ್ರಾಮ ಪಂಚಾಯಿತಿಗೆ ತಿಳಿಸಿ, ಮಳೆ ಹಿಡಿಯುವ ಮೊದಲೇ ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಎರಡನೆಯದು ಬಿಸಿಲು. ಎರಡೂ ಗಿಡಗಳಿಗೆ ದಿನಕ್ಕೆ ಆರು ತಾಸಿನ ನೇರ ಬಿಸಿಲು ಬೇಕು. ಸಿಲ್ವರ್ ಓಕ್ ಅಥವಾ ಹಲಸಿನ ನೆರಳಿನಲ್ಲಿ ಕೆಂಪು ಹುಲ್ಲು ಮಂಕು ಹಸಿರಾಗಿ, ಜೋಲುಬಿದ್ದು, ತೆನೆಯನ್ನೇ ಬಿಡುವುದಿಲ್ಲ. ಕಪ್ಪು ಎಲೆಯ ಗೆಣಸೂ ನೆರಳಿನಲ್ಲಿ ಹಸಿರಿಗೆ ತಿರುಗುತ್ತದೆ. ನಿಂಬೆಹಸಿರಿನ ತಳಿ ಮಾತ್ರ ಅರೆನೆರಳನ್ನು ತಕ್ಕಮಟ್ಟಿಗೆ ಸಹಿಸುತ್ತದೆ.

ಮೂರನೆಯದು ನೀರು. ಒಂದು ದೊಡ್ಡ ಮಳೆಯ ಮರುದಿನ ಜಾಗಕ್ಕೆ ಹೋಗಿ ನೋಡಿ. ಹೆಜ್ಜೆಯ ಗುರುತಿನಲ್ಲಿ ನೀರು ನಿಂತಿದ್ದರೆ ಗೆಣಸು ಅಲ್ಲಿ ಕೊಳೆಯುತ್ತದೆ, ಹುಲ್ಲಿನ ಬುಡವೂ ಕೊಳೆಯುತ್ತದೆ. ಸೂರಿನ ನೀರು ನೇರವಾಗಿ ಬೀಳುವ ಗೆರೆಯಲ್ಲಿ ಎರಡನ್ನೂ ನೆಡಬೇಡಿ.

ಕೊನೆಗೆ ಪ್ರಾಣಿಗಳು. ಕಾಡಂಚಿನ ಮನೆಗಳಲ್ಲಿ ಹಂದಿ ಮತ್ತು ಮುಳ್ಳುಹಂದಿ ಗೆಡ್ಡೆಯ ಜಾಗವನ್ನು ಒಂದೇ ರಾತ್ರಿಯಲ್ಲಿ ಉತ್ತುಹಾಕುತ್ತವೆ. ಗಟ್ಟಿ ಬೇಲಿ ಇಲ್ಲದಿದ್ದರೆ ಅಂಥಲ್ಲಿ ಗೆಣಸಿನ ಆಸೆಯನ್ನು ಕುಂಡಕ್ಕೆ ಸೀಮಿತಗೊಳಿಸಿ. ಬಳ್ಳಿಯ ಹೊದಿಕೆಯಲ್ಲಿ ಮಳೆಗಾಲದಲ್ಲಿ ಜಿಗಣೆ ಸೇರುತ್ತದೆ, ಹುಲ್ಲಿನ ಗುಂಪಿನಲ್ಲಿ ಹಾವು ಅಡಗಬಹುದು. ಆದ್ದರಿಂದ ಯಾವುದನ್ನೇ ಆಗಲಿ ಬಾಗಿಲ ಮೆಟ್ಟಿಲಿಗೂ ಮಕ್ಕಳು ಓಡಾಡುವ ದಾರಿಗೂ ಅಂಟಿಸಿ ಬೆಳೆಸದೆ, ಕನಿಷ್ಠ ಮೂರು ಅಡಿ ಬಿಟ್ಟು ನೆಡಿ.

ಹಂತ 2: ಕೊಳ್ಳುವಾಗ ಗಿಡವನ್ನು ಸರಿಯಾಗಿ ಗುರುತಿಸಿ

ಹೆಚ್ಚಿನ ತೊಂದರೆಗಳು ಹುಟ್ಟುವುದು ಈ ಹಂತದಲ್ಲೇ. ಹಸಿರು ಫೌಂಟೇನ್ ಹುಲ್ಲು ಉತ್ತರ ಮತ್ತು ಪೂರ್ವ ಆಫ್ರಿಕಾ ಹಾಗೂ ಪಶ್ಚಿಮ ಏಷ್ಯಾ ಮೂಲದ್ದು. ಇದರ ಈಗಿನ ಸಸ್ಯನಾಮ ಸೆಂಕ್ರಸ್ ಸೆಟೇಸಿಯಸ್, ಹಳೆಯ ನರ್ಸರಿ ಚೀಟಿಗಳಲ್ಲಿ ಪೆನಿಸೆಟಮ್ ಎಂದಿರುತ್ತದೆ. ಇದು ಪರಾಗಸ್ಪರ್ಶದ ಹಂಗಿಲ್ಲದೆ ಬೀಜ ಕಟ್ಟುತ್ತದೆ, ಬೀಜ ಗಾಳಿಯಲ್ಲಿ ಹಾರುತ್ತದೆ, ಒಣಗಿದ ಹುಲ್ಲು ಸುಲಭವಾಗಿ ಬೆಂಕಿ ಹಿಡಿಯುತ್ತದೆ, ಮತ್ತು ಬೆಂಕಿಯ ನಂತರ ಅದೇ ಮೊದಲು ಚಿಗುರುತ್ತದೆ. ಹವಾಯಿ ದ್ವೀಪಗಳಲ್ಲಿ ಇದು ಸ್ಥಳೀಯ ಸಸ್ಯಗಳನ್ನು ಹಿಂದಕ್ಕೆ ತಳ್ಳಿ ಕಾಳ್ಗಿಚ್ಚಿಗೆ ಒಣಹುಲ್ಲು ಒದಗಿಸುವ ಕಳೆಯಾಗಿದೆ. ಐರೋಪ್ಯ ಒಕ್ಕೂಟವು 2017ರಲ್ಲಿ ಇದನ್ನು ತನ್ನ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಲಂಟಾನಾ ಮತ್ತು ಕಮ್ಯುನಿಸ್ಟ್ ಗಿಡ ನಮ್ಮ ಬಾಣೆಗಳನ್ನೂ ಕಾಡನ್ನೂ ಏನು ಮಾಡಿವೆ ಎಂಬುದನ್ನು ಕಂಡವರಿಗೆ ಇನ್ನೊಂದನ್ನು ಕೈಯಾರೆ ತಂದು ನೆಡಬೇಡಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೆಂಕಿಯ ಭಯವಿರುವ ನಾಗರಹೊಳೆ ಅಂಚಿನ ಊರುಗಳವರಂತೂ ಹಸಿರು ಬಗೆಯನ್ನು ಮುಟ್ಟಲೇಬಾರದು.

ಕಡುಗೆಂಪು ಎಲೆಯ ‘ರೂಬ್ರಮ್’ ತಳಿಯು ಸಾಮಾನ್ಯವಾಗಿ ಮೊಳೆಯುವ ಬೀಜ ಕಟ್ಟುವುದಿಲ್ಲ; ಅದನ್ನು ಬುಡ ಸೀಳಿಯೇ ಹೆಚ್ಚಿಸುತ್ತಾರೆ. ನರ್ಸರಿಯಲ್ಲಿ ಹೀಗೆ ಪರೀಕ್ಷಿಸಿ: ಒಣಗಿದ, ಬಲಿತ ತೆನೆಯೊಂದನ್ನು ಅಂಗೈ ಮೇಲಿಟ್ಟು ಹೆಬ್ಬೆರಳಿನಿಂದ ಉಜ್ಜಿ, ಮೆಲ್ಲನೆ ಊದಿ. ನವಿರೆಲ್ಲ ಹಾರಿಹೋದ ಮೇಲೆ ಅಂಗೈಯಲ್ಲಿ ಗಟ್ಟಿಯಾದ ಸಣ್ಣ ಕಾಳುಗಳು ಉಳಿದರೆ ಅದು ಬೀಜ ಕಟ್ಟುವ ಬಗೆ, ಬಿಟ್ಟುಬಿಡಿ. ಬರೀ ಹೊಟ್ಟು ಉಳಿದರೆ ಕೊಳ್ಳಬಹುದು. ಬೀಜದ ಪೊಟ್ಟಣದಲ್ಲಿ ಬರುವ ಫೌಂಟೇನ್ ಗ್ರಾಸನ್ನು ಎಂದೂ ಕೊಳ್ಳಬೇಡಿ. ಬೀಜದಿಂದ ಬೆಳೆಯುತ್ತದೆ ಎಂದರೆ ಬೀಜದಿಂದ ಹರಡುತ್ತದೆ ಎಂದೇ ಅರ್ಥ.

ಇನ್ನೊಂದು ಗೊಂದಲ ಮೇವಿನ ರೆಡ್ ನೇಪಿಯರ್‌ನದು. ಚಿಕ್ಕ ಸಸಿಯಾಗಿದ್ದಾಗ ಅದರ ಎಲೆಯೂ ಕೆಂಪಾಗಿ ಚೆಂದವಾಗಿಯೇ ಕಾಣುತ್ತದೆ, ಬೆಳೆದ ಮೇಲೆ ಆಳೆತ್ತರ ಮೀರುತ್ತದೆ. ಹಸು ಇದ್ದವರಿಗೆ ಒಳ್ಳೆಯದೇ, ಅಂಗಳದ ಅಂಚಿಗೆ ಸಲ್ಲದು. ಕಾಂಡ ಕಬ್ಬಿನಂತೆ ದಪ್ಪ ಗೆಣ್ಣುಗಳಿಂದ ಕೂಡಿದ್ದರೆ ಅದು ನೇಪಿಯರ್.

ಕಡಿದಾದ ಬರೆಗೆ ಹುಲ್ಲು ಬೇಕಾದವರಿಗೆ ಕೆಂಪು ಹುಲ್ಲಿಗಿಂತ ಲಾವಂಚವೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದು ನಮ್ಮ ನಾಡಿನದೇ ಹುಲ್ಲು. ಅದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಎರಡು ಮೂರು ಮೀಟರ್ ಆಳಕ್ಕೆ ಇಳಿಯಬಲ್ಲದು, ಬದುವಿಗೆ ನೆಡಲು ಬಳಸುವ ಬಗೆಗಳು ಬೀಜದಿಂದ ಹರಡುವುದಿಲ್ಲ. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಬದುವಿಗೆ ಇದನ್ನು ನೆಟ್ಟುಕೊಂಡು ಬಂದಿರುವುದು ಹಳೆಯ ರೂಢಿ. ನೋಟಕ್ಕೆ ಕೆಂಪಿನ ಸೊಗಸು ಇಲ್ಲವೆಂಬುದೊಂದೇ ಕೊರತೆ. ನೆರಳಿನಲ್ಲಿ ಮಾತ್ರ, ವಿಶೇಷವಾಗಿ ಎಳೆಯದಾಗಿರುವಾಗ, ಅದೂ ಏಳಿಗೆಯಾಗುವುದಿಲ್ಲ.

ಗೆಣಸನ್ನು ಕೊಳ್ಳುವಾಗ ನೋಡಬೇಕಾದದ್ದು ಬುಡ. ಬುಡದ ಕಾಂಡ ಊದಿಕೊಂಡು ಬಿರುಕು ಬಿಟ್ಟಿದ್ದರೆ, ಸಣ್ಣ ತೂತುಗಳಿದ್ದರೆ, ಅಲ್ಲಿ ಮೂತಿಹುಳು ಇದೆ. ಇರುವೆಯಂತೆ ಕಾಣುವ, ಕಪ್ಪುನೀಲಿ ಮೈಯ ನಡುವೆ ಕೆಂಪು ಭಾಗವಿರುವ ಈ ಚಿಕ್ಕ ಕೀಟವೇ ಗೆಣಸಿನ ಮುಖ್ಯ ಶತ್ರು. ಒಮ್ಮೆ ತೋಟಕ್ಕೆ ಬಂದರೆ ಹೊರಗೆ ಹಾಕುವುದು ಕಷ್ಟ. ನರ್ಸರಿಯ ಗಿಡದ ಕುಡಿಗಳನ್ನು ಕೂಡಲೇ ಪಲ್ಯಕ್ಕೆ ಬಳಸಬೇಡಿ. ಗೆಣಸಿನ ಎಳೆಯ ಸೊಪ್ಪು ತಿನ್ನಲು ಯೋಗ್ಯವೇ ಆದರೂ, ಅಲಂಕಾರದ ಗಿಡಗಳಿಗೆ ಹೊಡೆಯುವ ಔಷಧಿ ಊಟಕ್ಕೆ ಲೆಕ್ಕಹಾಕಿ ಹೊಡೆದದ್ದಲ್ಲ. ಆ ಬಳ್ಳಿಯಿಂದ ಹೊಸ ಗಿಡ ಮಾಡಿಕೊಂಡು, ಅದರಲ್ಲಿ ಬಂದ ಚಿಗುರನ್ನು ಕೊಯ್ಯಿರಿ.

ಹಂತ 3: ಮಣ್ಣನ್ನು ಸಿದ್ಧಪಡಿಸಿ

ನಮ್ಮ ಕೆಂಪು ಮಣ್ಣು ಆಮ್ಲೀಯ. ಗೆಣಸು ಅದನ್ನು ಒಂದು ಮಟ್ಟದವರೆಗೆ ಸಹಿಸಿಕೊಳ್ಳುತ್ತದೆ. ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 5.5ರಿಂದ 6.5ರ ನಡುವೆ ಇದ್ದರೆ ಸುಣ್ಣ ಬೇಡ. ಚದರ ಮೀಟರಿಗೆ ಅರ್ಧ ಕಿಲೋದಷ್ಟು ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ಒಂದೆರಡು ಹಿಡಿ ಒಲೆಯ ಬೂದಿ ಸಾಕು. ಬೂದಿಯಲ್ಲಿರುವ ಪೊಟ್ಯಾಶ್ ಗೆಡ್ಡೆಗೆ ಬಲ ಕೊಡುತ್ತದೆ. ಯೂರಿಯಾ ಸುರಿಯುವುದು, ಇಲ್ಲವೇ ಪಲ್ಪರಿನಿಂದ ಬಂದ ಹಸಿ ಕಾಫಿ ಸಿಪ್ಪೆಯನ್ನು ಹಾಗೆಯೇ ಹಾಕುವುದು ಇಲ್ಲಿನ ಸಾಮಾನ್ಯ ತಪ್ಪು. ಸಾರಜನಕ ಹೆಚ್ಚಾದರೆ ಬಳ್ಳಿ ಹುಲುಸಾಗಿ ಹಬ್ಬಿ ಕೆಳಗೆ ಬೆರಳುಗಾತ್ರದ ಬೇರಷ್ಟೇ ಉಳಿಯುತ್ತದೆ; ಹಸಿ ಸಿಪ್ಪೆ ಕೊಳೆಯುವಾಗ ಬಿಸಿಯೇರಿ ಎಳೆ ಬೇರನ್ನು ಸುಡುತ್ತದೆ. ಹುಲ್ಲಿಗೆ ನೆಡುವ ಗುಂಡಿಯಲ್ಲಿ ಒಂದು ಬೊಗಸೆ ಗೊಬ್ಬರ ಹಾಕಿದರೆ ಆಯಿತು. ಹೆಚ್ಚು ಹಾಕಿದರೆ ದಂಟು ಮೆದುವಾಗಿ ಮಳೆಗೆ ಮಲಗಿಬಿಡುತ್ತದೆ.

ಹಂತ 4: ಗೆಣಸನ್ನು ನೆಡುವ ಕ್ರಮ

ಕುಶಾಲನಗರ ಮತ್ತು ಸೋಮವಾರಪೇಟೆಯ ಪೂರ್ವದ ಕಡೆ, ಮಳೆ ಹದವಾಗಿರುವಲ್ಲಿ, ಮೇ ಕೊನೆಯಿಂದ ಜೂನ್‌ವರೆಗೆ ನೆಡಬಹುದು. ಮಡಿಕೇರಿ, ಭಾಗಮಂಡಲ, ನಾಪೋಕ್ಲುವಿನ ಕಡೆ ಆಗ ನೆಟ್ಟರೆ ಕಕ್ಕಡದ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ, ಮಳೆಯಲ್ಲಿ ಬಳ್ಳಿ ಕೊಳೆಯುತ್ತದೆ. ಅಲ್ಲಿಯವರು ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರ್ ಮೊದಲ ವಾರದಲ್ಲಿ ನೆಡಿ. ಅದಕ್ಕಿಂತ ತಡವಾದರೆ ಗೆಡ್ಡೆ ದಪ್ಪವಾಗುವ ಹೊತ್ತಿಗೆ ಚಳಿ ಬರುತ್ತದೆ, ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ಬಹುತೇಕ ನಿಲ್ಲುತ್ತದೆ.

ಬಳ್ಳಿಯ ತುದಿಯಿಂದ 20ರಿಂದ 30 ಸೆಂಟಿಮೀಟರ್ ಉದ್ದದ ತುಂಡುಗಳನ್ನು ಕತ್ತರಿಸಿಕೊಳ್ಳಿ. ಬುಡದ ಕಡೆಯ ತುಂಡಿನಲ್ಲಿ ಮೂತಿಹುಳುವಿನ ಮೊಟ್ಟೆ ಇರುವ ಸಾಧ್ಯತೆ ಹೆಚ್ಚು. ತುಂಡುಗಳನ್ನು ಎಲೆಯ ಸಮೇತ ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿ ಎರಡು ದಿನ ಇಟ್ಟರೆ ಗೆಣ್ಣುಗಳಲ್ಲಿ ಬಿಳಿಯ ಬೇರಿನ ಮೊನೆಗಳು ಇಣುಕುತ್ತವೆ. ಒಂದಡಿ ಎತ್ತರದ ಏರುಸಾಲುಗಳನ್ನು, ಅಂದರೆ ಮಣ್ಣು ಏರಿಸಿದ ದಿಣ್ಣೆಗಳನ್ನು, 60 ಸೆಂಟಿಮೀಟರ್ ಅಂತರದಲ್ಲಿ ಮಾಡಿ, ಅವುಗಳ ಮೇಲೆ 20 ಸೆಂಟಿಮೀಟರಿಗೊಂದರಂತೆ, ಎರಡು ಮೂರು ಗೆಣ್ಣು ಮಣ್ಣಿನೊಳಗಿರುವಂತೆ ಓರೆಯಾಗಿ ನೆಡಿ. ಸಮತಟ್ಟು ನೆಲದಲ್ಲಿ ನೇರವಾಗಿ ಊರಿಬಿಡುವ ಅಭ್ಯಾಸ ಕೊಡಗಿನ ಮಳೆಗೆ ಒಗ್ಗುವುದಿಲ್ಲ.

ಹಂತ 5: ಹುಲ್ಲನ್ನು ನೆಡುವ ಕ್ರಮ

ಕೆಂಪು ಹುಲ್ಲನ್ನು ಹೂಮಳೆಯ ನಂತರ ಏಪ್ರಿಲ್‌ನಲ್ಲಿ ನೆಟ್ಟರೆ ಮಳೆಗಾಲಕ್ಕೆ ಮೊದಲು ಬೇರು ಹಿಡಿಯುತ್ತದೆ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ ಬಿಡಿ. ಬುಡದ ಮಧ್ಯಭಾಗ ನೆಲಮಟ್ಟಕ್ಕಿಂತ ಒಂದು ಬೆರಳು ಮೇಲಿರಲಿ. ಆಳಕ್ಕೆ ಇಳಿಸಿ ಸುತ್ತ ಪಾತಿ ಕಟ್ಟುವುದೇ ಮಳೆಗಾಲದಲ್ಲಿ ಬುಡ ಕೊಳೆಯಲು ಮುಖ್ಯ ಕಾರಣ.

ಲಾವಂಚವನ್ನು ಜೂನ್ ಮೊದಲ ಮಳೆಗಳಲ್ಲಿ, ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟದ ಗೆರೆಯಲ್ಲಿ ನೆಡಬೇಕು. ತುಂಡಿನಿಂದ ತುಂಡಿಗೆ ಒಂದು ಗೇಣಿಗಿಂತ ಹೆಚ್ಚು ಅಂತರ ಬಿಡಬಾರದು. ನಡುವೆ ಬಿಟ್ಟ ಕಿಂಡಿಯಲ್ಲೇ ನೀರು ದಾರಿ ಮಾಡಿಕೊಂಡು ಕೊರೆಯುತ್ತದೆ, ಆಮೇಲೆ ಸಾಲಿದ್ದೂ ಪ್ರಯೋಜನವಿಲ್ಲ. ಮೊದಲ ವರ್ಷ ಸತ್ತ ತುಂಡುಗಳ ಜಾಗವನ್ನು ತಪ್ಪದೆ ತುಂಬಿ.

ಹಂತ 6: ಬೆಳೆಯುವ ಕಾಲದ ನಿಗಾ

ಗೆಣಸಿಗೆ ಒಂದು ತಿಂಗಳಾದಾಗ ಕಳೆ ತೆಗೆದು ಬುಡಕ್ಕೆ ಮಣ್ಣು ಏರಿಸಿ. ಮಣ್ಣು ಬಿರಿದು ಗೆಡ್ಡೆ ಹೊರಗೆ ಕಾಣಿಸಿಕೊಂಡರೆ ಮೂತಿಹುಳು ಅಲ್ಲಿಂದಲೇ ಒಳಗೆ ಹೋಗುತ್ತದೆ, ಆದ್ದರಿಂದ ಬಿರುಕು ಕಂಡಾಗಲೆಲ್ಲ ಮುಚ್ಚಿ. ತೇವದ ದಿನಗಳಲ್ಲಿ ಬಳ್ಳಿಯ ಪ್ರತಿ ಗೆಣ್ಣೂ ನೆಲಕ್ಕೆ ಬೇರು ಬಿಡುತ್ತದೆ. ಗೆಡ್ಡೆ ಬೇಕಾದವರು ಎರಡು ಮೂರು ವಾರಕ್ಕೊಮ್ಮೆ ಬಳ್ಳಿಯನ್ನು ಎತ್ತಿ ಮತ್ತೆ ಮಲಗಿಸಿ, ಇಲ್ಲದಿದ್ದರೆ ಸತ್ವವೆಲ್ಲ ಸಣ್ಣ ಸಣ್ಣ ಗೆಡ್ಡೆಗಳಿಗೆ ಹಂಚಿಹೋಗುತ್ತದೆ. ಎಲೆಯ ಹೊದಿಕೆಯಷ್ಟೇ ಬೇಕಾದವರು ಎತ್ತಬೇಕಾಗಿಲ್ಲ. ಎಲೆಯಲ್ಲಿ ದುಂಡು ತೂತುಗಳು ಕಂಡರೆ ಆಮೆಯಾಕಾರದ ಹೊಳೆಯುವ ಚಿಕ್ಕ ಜೀರುಂಡೆಯ ಕೆಲಸವಿರಬಹುದು. ಬೆಳಿಗ್ಗೆ ಹೊತ್ತು ಕೈಯಿಂದಲೇ ಆರಿಸಿ ತೆಗೆದರೆ ಮನೆಯಂಗಳದ ಮಟ್ಟಿಗೆ ಸಾಕಾಗುತ್ತದೆ.

ಕೆಂಪು ಹುಲ್ಲಿನ ತೆನೆಗಳು ಜುಲೈ ಮಳೆಗೆ ನೆಲ ಕಚ್ಚುತ್ತವೆ. ಅದು ರೋಗವಲ್ಲ. ಕೋಲು ಕಟ್ಟಿ ಎಬ್ಬಿಸುವ ಸಾಹಸ ಬೇಡ. ಮಳೆ ಬಿಟ್ಟ ಮೇಲೆ ಹೊಸ ತೆನೆ ತಾನಾಗಿ ಬರುತ್ತದೆ.

ಹಂತ 7: ಅಗೆತ ಮತ್ತು ಕಟಾವು

ತಿನ್ನುವ ಗೆಣಸು ಸುಮಾರು ಮೂರೂವರೆಯಿಂದ ನಾಲ್ಕು ತಿಂಗಳಿಗೆ ಸಿದ್ಧವಾಗುತ್ತದೆ. ಎಲೆ ಹಳದಿಯಾಗತೊಡಗಿದಾಗ ಒಂದು ಗೆಡ್ಡೆ ಅಗೆದು, ಕತ್ತಿಯಿಂದ ಕೊಯ್ದು ನೋಡಿ: ಕೊಯ್ದ ಮುಖ ಸ್ವಲ್ಪ ಹೊತ್ತಿಗೆ ಬಿಳಿಯಾಗಿಯೇ ಒಣಗಿದರೆ ಬಲಿತಿದೆ, ಕಪ್ಪುಹಸಿರಿಗೆ ತಿರುಗಿದರೆ ಇನ್ನೂ ಕಾಯಬೇಕು. ಬಲಿತ ಮೇಲೆ ನೆಲದಲ್ಲೇ ಬಿಟ್ಟರೆ ಹುಳುವಿಗೋ ಹಂದಿಗೋ ಸಲ್ಲುತ್ತದೆ. ಅಗೆದದ್ದನ್ನು ತೊಳೆಯದೆ, ಬೆಚ್ಚಗಿನ ನೆರಳಿನಲ್ಲಿ ನಾಲ್ಕರಿಂದ ಏಳು ದಿನ ಹರಡಿಡಿ. ಗುದ್ದಲಿಯ ಗಾಯಗಳು ಅಷ್ಟರಲ್ಲಿ ಮಾಯುತ್ತವೆ, ಸಿಹಿಯೂ ಹೆಚ್ಚುತ್ತದೆ. ಒಲೆಯ ಮೇಲಿನ ಅಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ಫ್ರಿಜ್‌ನಲ್ಲಿ ಇಡಬೇಡಿ, ಅಲ್ಲಿನ ಶೀತಕ್ಕೆ ತಿರುಳು ಗಟ್ಟಿಯಾಗಿ ಬೇಯುವುದಿಲ್ಲ. ಬೂಷ್ಟು ಹಿಡಿದ ಗೆಡ್ಡೆಯನ್ನು ಹಸುವಿಗೆ ಹಾಕಬೇಡಿ: ಕೊಳೆತ ಗೆಣಸಿನಲ್ಲಿ ಉಂಟಾಗುವ ವಿಷಕ್ಕೆ ದನಗಳ ಶ್ವಾಸಕೋಶ ಕೆಟ್ಟು ಪ್ರಾಣಾಪಾಯವಾಗುತ್ತದೆ. ಒಳ್ಳೆಯ ಬಳ್ಳಿಯನ್ನು ಮೇವಾಗಿ ಹಾಕಬಹುದು.

ಮುಂದಿನ ಬಾರಿ ಅದೇ ಸಾಲಿನಲ್ಲಿ ಮತ್ತೆ ಗೆಣಸು ಹಾಕದೆ ಅಲಸಂದೆಯನ್ನೋ ಸೊಪ್ಪನ್ನೋ ಬೆಳೆಯಿರಿ. ಮೂತಿಹುಳುವನ್ನು ಕಡಿಮೆ ಮಾಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಹುಲ್ಲನ್ನು ಫೆಬ್ರುವರಿಯಲ್ಲಿ, ತೆನೆಗಳೆಲ್ಲ ಒಣಗಿದ ಮೇಲೆ, ನೆಲದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಿ. ಹೂಮಳೆಗೆ ಹೊಸ ಚಿಗುರು ಬರುವುದಕ್ಕೂ ಬೇಸಿಗೆಯಲ್ಲಿ ಮನೆಯ ಪಕ್ಕ ಒಣಹುಲ್ಲಿನ ರಾಶಿ ಇರದಂತೆ ನೋಡಿಕೊಳ್ಳುವುದಕ್ಕೂ ಇದು ಅಗತ್ಯ. ಎಲೆಯ ಅಂಚು ಚರ್ಮವನ್ನು ಕೊಯ್ಯುವುದರಿಂದ, ಮೊದಲು ಗುಂಪನ್ನು ಹಗ್ಗದಿಂದ ಬಿಗಿದು ಆಮೇಲೆ ಕತ್ತಿ ಹಾಕಿ. ಎರಡು ಮೂರು ವರ್ಷಕ್ಕೊಮ್ಮೆ ಬುಡದ ನಡುಭಾಗ ಸತ್ತು ಬೋಳಾಗುತ್ತದೆ. ಆಗ ಕಿತ್ತು, ಹೊರಸುತ್ತಿನ ಜೀವಂತ ತುಂಡುಗಳನ್ನು ಸೀಳಿ ಮತ್ತೆ ನೆಡಿ. ಬರೆಯ ಮೇಲಿನ ಲಾವಂಚವನ್ನು ಹೀಗೆ ಕೀಳಬಾರದು, ಮೇಲಿನಿಂದ ಒಂದೂವರೆ ಅಡಿಗೆ ಕತ್ತರಿಸುತ್ತ ಹೋದರೆ ಸಾಕು.

ಹಂತ 8: ಎರಡೂ ಬೇಕೆನ್ನುವವರಿಗೆ ಕುಂಡ

ಹದಿನಾರು ಇಂಚಿನ ಕುಂಡದಲ್ಲಿ ನಡುವೆ ಕೆಂಪು ಹುಲ್ಲು, ಅಂಚಿಗೆ ನಿಂಬೆಹಸಿರು ಗೆಣಸು ಚೆನ್ನಾಗಿ ಹೊಂದುತ್ತವೆ. ಬಳ್ಳಿ ಅಂಚಿನಿಂದ ಇಳಿಬಿದ್ದು ನೆಲ ಮುಟ್ಟುವ ಮೊದಲೇ ಕತ್ತರಿಸಿ, ವರ್ಷಕ್ಕೊಮ್ಮೆ ಗೆಡ್ಡೆಗಳನ್ನು ತೆಗೆದುಹಾಕಿ. ಬಿಟ್ಟರೆ ಅವು ದಪ್ಪವಾಗಿ ಹುಲ್ಲಿನ ಬೇರನ್ನು ಒತ್ತಿ, ಮಣ್ಣಿನ ಕುಂಡವನ್ನೇ ಸೀಳುತ್ತವೆ. ಕತ್ತರಿಸಿದ ಬಳ್ಳಿಯನ್ನು ತೋಡಿಗಾಗಲಿ ತೋಟದಂಚಿಗಾಗಲಿ ಎಸೆಯಬೇಡಿ, ಒಂದೇ ಗೆಣ್ಣು ತೇವ ಕಂಡರೂ ಅಲ್ಲಿ ಬೇರು ಬಿಡುತ್ತದೆ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಬಿಸಿಲಿಗೆ ಹರಡಿ, ಕಾಂಡ ಮುರಿದಾಗ ಹಾಲು ಬರದಷ್ಟು ಒಣಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ.